ಅಪ್ಪನ ಹಳೆಯ ಕಂಪ್ಯೂಟರಿನ ಡಿಸ್ಕ್, ನನ್ನ ಲ್ಯಾಪ್‌ಟಾಪ್: ಫಾರ್ಮ್ಯಾಟ್ ಮಾಡಲೇ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆ, ಕಾರಟಗಿ ಹತ್ತಿರದ ಹಳ್ಳಿ. ನಮ್ಮ ತಂದೆ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಅವರಿಗೆ ಬಯಲಾಟದ ಹುಚ್ಚು. ಸುತ್ತಲಿನ ಯಾವ ಊರಿನಲ್ಲಿ ಆಟವಿದ್ದರೂ ಟೇಪ್ ಹಾಕುವ ಸಣ್ಣ ಕ್ಯಾಮೆರಾ ಹೊತ್ತುಕೊಂಡು ಹೋಗಿ ಬೆಳಗಿನವರೆಗೆ ರೆಕಾರ್ಡ್ ಮಾಡುತ್ತಿದ್ದರು. ಆಮೇಲೆ ಅದನ್ನೆಲ್ಲ 2011ರಲ್ಲಿ ಕೊಂಡ ಕಂಪ್ಯೂಟರಿಗೆ ಇಳಿಸಿಡುತ್ತಿದ್ದರು. ಹೋದ ವರ್ಷ ತಂದೆ ತೀರಿಕೊಂಡರು. ಈ ಬೇಸಿಗೆಯಲ್ಲಿ ಒಂದು ಸಂಜೆ ಗಾಳಿ ಮಳೆಗೆ ಕರೆಂಟ್ ನಾಲ್ಕೈದು ಸಲ ಹೋಗಿ ಬಂದು ಮಾಡಿತು. ಕಂಪ್ಯೂಟರ್ ಬಂದ್ ಆಗಿ ಸುಟ್ಟ ವಾಸನೆ ಬಂತು, ಮತ್ತೆ ಆನ್ ಆಗಲಿಲ್ಲ. ಒಳಗಿನ 500 ಜಿಬಿ ಹಾರ್ಡ್ ಡಿಸ್ಕ್ ಬಿಚ್ಚಿ, ತರಿಸಿಕೊಂಡ ಯುಎಸ್‌ಬಿ ಕೇಬಲ್ಲಿನಿಂದ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಕೇಬಲ್ಲಿನ ದೀಪ ಹತ್ತಿತು, ಡಿಸ್ಕ್ ಮಾತ್ರ ಅಲುಗಲಿಲ್ಲ. ಗೆಳತಿಯಿಂದ ಒಂದು ಡಾಕ್, ಅಂದರೆ ಡಿಸ್ಕನ್ನು ಕೂರಿಸಿ ಯುಎಸ್‌ಬಿಗೆ ಜೋಡಿಸುವ ಸ್ಟ್ಯಾಂಡ್, ತಂದೆ. ಅದರ ಅಡಾಪ್ಟರ್ ಇರಲಿಲ್ಲ. ಮಾವ ‘ಹಳೇ ಲ್ಯಾಪ್‌ಟಾಪ್ ಚಾರ್ಜರಿನ ಪಿನ್ನು ಕೂಡ್ತದ, ಅದನ್ನ ಹಾಕು’ ಎಂದರು. ನನಗೆ ಧೈರ್ಯ ಬರಲಿಲ್ಲ. ಮರುದಿನ ಡಾಕಿನದೇ ಅಡಾಪ್ಟರ್ ಸಿಕ್ಕಿತು. ಈಗ ಡಿಸ್ಕ್ ತಿರುಗುತ್ತದೆ. ಅದರ ಮೊದಲ ಭಾಗ ತೆರೆಯುತ್ತದೆ. ವಿಡಿಯೊಗಳಿರುವ ಎರಡನೇ ಭಾಗವನ್ನು ಒತ್ತಿದರೆ ಎರಡು ಮೂರು ನಿಮಿಷ ಸುತ್ತುತ್ತಲೇ ಇದ್ದು, ಕೊನೆಗೆ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎನ್ನುತ್ತದೆ. ಅಂಗಡಿಯವರು ‘ಫಾರ್ಮ್ಯಾಟ್ ಮಾಡ್ರಿ, ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿದ್ರ ಎಲ್ಲಾ ಬರ್ತಾವು’ ಎಂದರು. ತಮ್ಮ ಯಾವುದೋ ವಿಡಿಯೊ ನೋಡಿ ಫ್ರೀಜರಿನಲ್ಲಿಡೋಣ ಎನ್ನುತ್ತಾನೆ. ಒಳಗಿನ ಡಿಸ್ಕನ್ನು ಹೀಗೆ ಹೊರಗೆ ಜೋಡಿಸಿದ್ದೇ ತಪ್ಪಾಯಿತೇ? ಮುಂದೇನು ಮಾಡಲಿ? ಮುಂದೆ ಇದನ್ನೇ ಎಕ್ಸ್‌ಟರ್ನಲ್ ಡಿಸ್ಕ್ ಆಗಿ ಬಳಸಬಹುದೇ?

ಉತ್ತರ: ಇದನ್ನು ಓದುತ್ತಿರುವಾಗ ಡಿಸ್ಕ್ ಡಾಕಿನಲ್ಲೇ ಇದ್ದರೆ ಮೊದಲು ಅದನ್ನು ಬಂದ್ ಮಾಡಿ. ಫಾರ್ಮ್ಯಾಟ್ ಕೇಳುವ ಪೆಟ್ಟಿಗೆಗೆ ‘ರದ್ದು’ ಒತ್ತಿ, ಡಾಕಿನ ಸ್ವಿಚ್ ಆರಿಸಿ, ಇಪ್ಪತ್ತು ಸೆಕೆಂಡು ಬಿಟ್ಟು ಡಿಸ್ಕ್ ಎತ್ತಿ. ಸ್ವಿಚ್ ಆರಿಸಿದ ಮೇಲೂ ತಟ್ಟೆಗಳು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತವೆ, ಆಗ ಅಲುಗಿಸಬಾರದು. ಮಿಕ್ಕದ್ದನ್ನು ನಿಧಾನವಾಗಿ ಮಾತಾಡೋಣ.

ಹೊರಗೆ ಜೋಡಿಸಿದ್ದು ತಪ್ಪಲ್ಲ. ಅಂಗಡಿಯಲ್ಲಿ ಸಿಗುವ ಎಕ್ಸ್‌ಟರ್ನಲ್ ಡಿಸ್ಕಿನ ಪೆಟ್ಟಿಗೆ ಬಿಚ್ಚಿದರೆ ಬಹಳಷ್ಟು ಸಲ ಒಳಗೆ ಸಿಗುವುದು ಇಂಥದೇ ಡಿಸ್ಕು, ಜೊತೆಗೆ ಸಾಟಾ, ಅಂದರೆ ಡಿಸ್ಕು ಕಂಪ್ಯೂಟರಿನ ಜೊತೆ ಮಾತಾಡುವ ಭಾಷೆಯನ್ನು ಯುಎಸ್‌ಬಿಗೆ ತಿರುಗಿಸುವ ಒಂದು ಸಣ್ಣ ಬೋರ್ಡು. ನಿಮ್ಮ ಡಾಕ್ ಮಾಡುವುದೂ ಅದೇ ಕೆಲಸ. ಕಂಪ್ಯೂಟರ್ ಸುಟ್ಟರೆ ಒಳಗಿದ್ದದ್ದೆಲ್ಲ ಹೋಯಿತು ಎಂದು ಡಿಸ್ಕ್ ಸಮೇತ ಗುಜರಿಗೆ ಹಾಕಿದವರನ್ನು ಬಳ್ಳಾರಿಯಲ್ಲಿ ಈ ಕೆಲಸ ಮಾಡುವ ನಾನು ಕಂಡಿದ್ದೇನೆ. ನೀವು ಬಿಚ್ಚಿ ತೆಗೆದಿಟ್ಟಿರಿ, ಒಳ್ಳೆಯದು ಮಾಡಿದಿರಿ.

ಮೊದಲ ಕೇಬಲ್ಲಿನಲ್ಲಿ ಡಿಸ್ಕ್ ಯಾಕೆ ಅಲುಗಲಿಲ್ಲ ಎಂಬುದು ಸರಳ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ 5 ವೋಲ್ಟ್ ಸಾಕು, ಅದು ಯುಎಸ್‌ಬಿಯಿಂದಲೇ ಬರುತ್ತದೆ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿನಲ್ಲಿ ಬೋರ್ಡಿಗೆ 5 ವೋಲ್ಟ್, ತಟ್ಟೆ ತಿರುಗಿಸುವ ಮೋಟರಿಗೆ 12 ವೋಲ್ಟ್ ಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ನೀಲಿ ಬಣ್ಣದ 3.0 ಪೋರ್ಟ್ ಕೊಡುವುದು 0.9 ಆಂಪಿಯರ್. ಡೆಸ್ಕ್‌ಟಾಪ್ ಡಿಸ್ಕಿನ ಮೋಟರ್ ಶುರುವಾಗುವ ಕ್ಷಣದಲ್ಲಿ 12 ವೋಲ್ಟಿನಲ್ಲಿ 2 ಆಂಪಿಯರಿನ ಹತ್ತಿರ ಎಳೆಯಬಹುದು. ಕೇಬಲ್ಲಿನ ದೀಪ ಹತ್ತಿದ್ದು ಕೇಬಲ್ಲಿಗೆ ಕರೆಂಟ್ ಬಂತು ಎಂಬುದಕ್ಕಷ್ಟೇ ಸಾಕ್ಷಿ. ಇಂಥ ಕೇಬಲ್ ಹಾಕಿ, ಸದ್ದಿಲ್ಲ ಎಂದು ಡಿಸ್ಕ್ ಸತ್ತಿದೆ ಎಂದುಕೊಳ್ಳುವವರು ವಾರಕ್ಕೊಬ್ಬರಾದರೂ ನನ್ನ ಹತ್ತಿರ ಬರುತ್ತಾರೆ. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ 2 ಆಂಪಿಯರಿನ ಅಡಾಪ್ಟರ್ ಇರುವ ಡಾಕ್ ಅಥವಾ ಕೇಸ್ ಬೇಕೇ ಬೇಕು.

ಮಾವನವರ ಮಾತಿಗೆ ನೀವು ಒಪ್ಪದೆ ಉಳಿದದ್ದೇ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪುಣ್ಯ. ಲ್ಯಾಪ್‌ಟಾಪ್ ಚಾರ್ಜರು ಕೊಡುವುದು ಸಾಮಾನ್ಯವಾಗಿ 19 ವೋಲ್ಟ್. ಪಿನ್ನು ಕೂಡಿತು ಎಂದರೆ ವೋಲ್ಟ್ ಕೂಡಿತು ಎಂದಲ್ಲ. ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ, ಒಂದು ಜೀನ್ಸ್ ಹೊಲಿಗೆ ಘಟಕದ ಪ್ಯಾಟರ್ನ್ ಫೈಲುಗಳಿದ್ದ ಡಿಸ್ಕಿಗೆ ಇದೇ ತಪ್ಪು ಮಾಡಿದ್ದೆ. ಚಿಟ್ಟೆಂದು ಒಂದು ಸದ್ದು, ಮೂಗಿಗೆ ಹೊಡೆಯುವ ವಾಸನೆ, ಆಮೇಲೆ ಡಿಸ್ಕ್ ಉಸಿರೇ ಇಲ್ಲದಂತೆ ಮಲಗಿತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆ ಡಿಸ್ಕಿನ ಬೋರ್ಡಿನಲ್ಲಿ ಹೆಚ್ಚಿನ ವೋಲ್ಟ್ ಬಂದಾಗ ತಾನು ಸುಟ್ಟುಕೊಂಡು ಉಳಿದದ್ದನ್ನು ಕಾಯುವ ಟಿವಿಎಸ್ ಡಯೋಡ್ ಎಂಬ ಸಣ್ಣ ಭಾಗವಿತ್ತು. ನನಗಿಂತ ಹಿರಿಯರೊಬ್ಬರು ಅದನ್ನು ಬೆಸುಗೆಯಿಂದ ಬಿಡಿಸಿ ತೆಗೆದರು, ಡಿಸ್ಕ್ ಎದ್ದಿತು. ಎಲ್ಲ ಸಲವೂ ಹಾಗಾಗುವುದಿಲ್ಲ. ಅಂದಿನಿಂದ ಅಡಾಪ್ಟರಿನ ಹಿಂದಿನ ಚೀಟಿಯಲ್ಲಿ 12 ವೋಲ್ಟ್ ಎಂದು ಕಣ್ಣಾರೆ ಓದದೆ ನಾನು ಪಿನ್ನು ಚುಚ್ಚುವುದಿಲ್ಲ. ನೀವೂ ಹಾಗೇ ಮಾಡಿ. ಡಾಕಿಗೆ ಅದರದೇ ಅಡಾಪ್ಟರನ್ನು ದಾರದಿಂದ ಕಟ್ಟಿಡಿ.

ಇನ್ನು ಕಾಯಿಲೆಯ ವಿಷಯ. ನೀವು ಬರೆದ ಮೂರು ಸಂಗತಿಗಳಲ್ಲೇ ಬಹಳಷ್ಟು ಉತ್ತರವಿದೆ. ಡಿಸ್ಕ್ ತಿರುಗುತ್ತದೆ ಎಂದರೆ ಬೋರ್ಡು, ಮೋಟರು ಬದುಕಿವೆ. ಮೊದಲ ಭಾಗ ತೆರೆಯುತ್ತದೆ ಎಂದರೆ ಓದುವ ತಲೆ, ಅಂದರೆ ಹೆಡ್, ಕೆಲಸ ಮಾಡುತ್ತಿದೆ, ಡಾಕ್ ಮತ್ತು ಡಿಸ್ಕ್ ಒಂದನ್ನೊಂದು ಅರ್ಥ ಮಾಡಿಕೊಂಡಿವೆ. ಅಂದು ಸಂಜೆ ಸುಟ್ಟದ್ದು ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಅಥವಾ ಮದರ್‌ಬೋರ್ಡ್ ಇರಬೇಕು. ಮೂರನೆಯದು ನನಗೆ ಚಿಂತೆ ಹುಟ್ಟಿಸುವ ಮಾತು: ಎರಡು ಮೂರು ನಿಮಿಷ ಸುತ್ತುವುದು. ಫೈಲುಗಳ ಪಟ್ಟಿ ಮಾತ್ರ ಕೆಟ್ಟಿದ್ದರೆ ವಿಂಡೋಸ್ ಸಾಮಾನ್ಯವಾಗಿ ತಕ್ಷಣ ಫಾರ್ಮ್ಯಾಟ್ ಕೇಳುತ್ತದೆ. ಹೀಗೆ ಒದ್ದಾಡುತ್ತಿದೆ ಎಂದರೆ ಹೆಡ್ ಯಾವುದೋ ಜಾಗವನ್ನು ಮತ್ತೆ ಮತ್ತೆ ಓದಲು ಹೋಗಿ ಸೋಲುತ್ತಿದೆ. ಬಹುಶಃ ಆ ಭಾಗದ ಫೈಲುಗಳ ಪಟ್ಟಿ ಇರುವ ಕಡೆಯೇ ಕೆಲವು ಸೆಕ್ಟರುಗಳು, ಅಂದರೆ ಮಾಹಿತಿ ಕೂರುವ ಸಣ್ಣ ಸಣ್ಣ ಮನೆಗಳು, ಕೆಟ್ಟಿವೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಹೀಗಾಗುವುದುಂಟು. 2011ರ ಡಿಸ್ಕಿಗೆ ವಯಸ್ಸೂ ಆಗಿದೆ.

ಆ ಪೆಟ್ಟಿಗೆಯ ಮಾತಿನ ಅರ್ಥ ತಿಳಿದರೆ ಅರ್ಧ ಭಯ ಹೋಗುತ್ತದೆ. ‘ಈ ಭಾಗದಲ್ಲಿ ನನಗೆ ಅರ್ಥವಾಗುವ ಫೈಲ್ ವ್ಯವಸ್ಥೆ ಕಾಣುತ್ತಿಲ್ಲ, ಹೊಸದನ್ನು ಹಾಕಲೇ?’ ಎಂದಷ್ಟೇ ವಿಂಡೋಸ್ ಕೇಳುತ್ತಿದೆ. ನಿಮ್ಮ ತಂದೆಯವರ ವಿಡಿಯೊಗಳು ಇವೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಲೈಬ್ರರಿಯ ಪಟ್ಟಿ ಪುಸ್ತಕ ಗೆದ್ದಲು ತಿಂದಿದೆ, ಕಪಾಟಿನ ಪುಸ್ತಕಗಳು ಅಲ್ಲೇ ಇವೆ ಎಂದುಕೊಳ್ಳಿ. ಅಂಗಡಿಯವರು ಹೇಳಿದ್ದರಲ್ಲಿ ಒಂದು ಪಾಲು ನಿಜ ಇದೆ: ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಅಳಿಯುವುದಿಲ್ಲ. ಆದರೆ ಅದು ಹೊಸ ಪಟ್ಟಿಯನ್ನು ಹಳೆಯ ಪಟ್ಟಿಯ ಮೇಲೆಯೇ ಬರೆಯಬಹುದು. ಹರಿದ ಪಟ್ಟಿಯಲ್ಲಿ ಉಳಿದಿದ್ದ ಹೆಸರು, ದಿನಾಂಕ, ಯಾವ ತುಂಡು ಎಲ್ಲಿದೆ ಎಂಬ ಗುರುತು ಅಲ್ಲಿಗೆ ಹೋಯಿತು. ‘ಕ್ವಿಕ್’ ಎಂಬ ಟಿಕ್ಕನ್ನು ಯಾರಾದರೂ ತೆಗೆದರೋ, ವಿಂಡೋಸ್ ವಿಸ್ತಾದಿಂದ ಈಚೆಗೆ ಫಾರ್ಮ್ಯಾಟ್ ಇಡೀ ಭಾಗದ ಮೇಲೆ ಸೊನ್ನೆ ಬರೆಯುತ್ತಾ ಹೋಗುತ್ತದೆ. ಆಮೇಲೆ ಯಾವ ಲ್ಯಾಬಿನವರೂ ತಂದುಕೊಡಲಾರರು. ರಿಕವರಿ ಮಾಡಲು ಫಾರ್ಮ್ಯಾಟ್ ಮಾಡಲೇಬೇಕು ಎಂಬುದು ಶುದ್ಧ ತಪ್ಪು ಕಲ್ಪನೆ. ಒಳ್ಳೆಯ ರಿಕವರಿ ಸಾಫ್ಟ್‌ವೇರುಗಳೆಲ್ಲ ಫಾರ್ಮ್ಯಾಟ್ ಮಾಡದ ಡಿಸ್ಕನ್ನೇ ಓದುತ್ತವೆ.

ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ‘ಇನಿಶಿಯಲೈಸ್’, ಅಂದರೆ ಡಿಸ್ಕನ್ನು ಹೊಸದಾಗಿ ಸಿದ್ಧ ಮಾಡಲೇ, ಎಂದು ಕೇಳಿದರೂ ಇದೇ ಮಾತು. ಅಕ್ಕಿ ಗಿರಣಿಯವರೊಬ್ಬರು ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್‌ನ ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಿ, ಕೇಳಿದ್ದಕ್ಕೆಲ್ಲ ‘ಓಕೆ’ ಒತ್ತಿ, ಆಮೇಲೆ ನನ್ನಲ್ಲಿಗೆ ತಂದಿದ್ದರು. ಎಷ್ಟೋ ಡಿವಿಆರ್‌ಗಳು ತಮ್ಮದೇ ರೀತಿಯಲ್ಲಿ ಬರೆಯುತ್ತವೆ, ವಿಂಡೋಸಿಗೆ ಅದು ಖಾಲಿ ಡಿಸ್ಕಿನಂತೆ ಕಾಣುತ್ತದೆ. ವಿಂಡೋಸ್ ಅಲ್ಲದ ಮ್ಯಾಕ್, ಲಿನಕ್ಸ್ ಕಂಪ್ಯೂಟರುಗಳ ಡಿಸ್ಕುಗಳೂ ಹಾಗೆಯೇ. ಡಿಸ್ಕಿನಲ್ಲಿ ಬೇಕಾದದ್ದು ಇದೆ ಎಂದು ನಿಮಗೆ ಗೊತ್ತಿದ್ದರೆ ಕಂಪ್ಯೂಟರ್ ‘ಖಾಲಿ’ ಎಂದರೂ ನಂಬಬೇಡಿ.

ಇನ್ನೊಂದು ಅಡ್ಡದಾರಿ ಇದೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಯಾರಾದರೂ ವಿಂಡೋಸಿನ ದುರಸ್ತಿ ಸಾಧನವಾದ ಚೆಕ್‌ಡಿಸ್ಕ್ ಓಡಿಸಿ ಎನ್ನುತ್ತಾರೆ. ಗಟ್ಟಿಮುಟ್ಟಾದ ಡಿಸ್ಕಿನ ಪಟ್ಟಿ ಕೆಟ್ಟರೆ ಅದು ಉಪಯೋಗಕ್ಕೆ ಬರುವ ಸಾಧನ. ಸೆಕ್ಟರು ಕೆಟ್ಟಿರುವ ಡಿಸ್ಕಿನಲ್ಲಿ ಅದು ಅನಾಹುತ ಮಾಡುತ್ತದೆ. ಅದರ ಕೆಲಸ ಪಟ್ಟಿಯನ್ನು ಚೊಕ್ಕ ಮಾಡುವುದು, ನಿಮ್ಮ ಫೈಲನ್ನು ಉಳಿಸುವುದಲ್ಲ. ಓದಲಾಗದ ನಮೂದನ್ನು ಕಿತ್ತೊಗೆದು ‘ಸರಿಪಡಿಸಿದೆ’ ಎಂದುಬಿಡುತ್ತದೆ.

ಫ್ರೀಜರಿನ ವಿಷಯ ತಮ್ಮನಿಗೆ ಹೀಗೆ ಹೇಳಿ. ಹಳೆಯ ಕಾಲದ ಕೆಲವು ಡಿಸ್ಕುಗಳಲ್ಲಿ ಹೆಡ್ ತಟ್ಟೆಗೆ ಅಂಟಿಕೊಂಡು ತಿರುಗದೆ ನಿಲ್ಲುತ್ತಿತ್ತು, ತಣ್ಣಗೆ ಮಾಡಿದರೆ ಬಿಟ್ಟುಕೊಳ್ಳುತ್ತದೆ ಎಂಬ ನಂಬಿಕೆ ಅಲ್ಲಿಂದ ಹುಟ್ಟಿತು. ನಿಮ್ಮ ಡಿಸ್ಕ್ ತಿರುಗುತ್ತಿದೆ, ಅದಕ್ಕೆ ಆ ಕಾಯಿಲೆಯೇ ಇಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಫ್ರಿಜ್ಜಿನಿಂದ ತೆಗೆದ ತಣ್ಣೀರಿನ ತಂಬಿಗೆ ಎರಡು ನಿಮಿಷಕ್ಕೆ ಮೈಯೆಲ್ಲ ಬೆವರುವುದನ್ನು ಅವನೂ ನೋಡಿರುತ್ತಾನೆ. ಡಿಸ್ಕೂ ಹಾಗೆಯೇ ಬೆವರುತ್ತದೆ. ಬೋರ್ಡಿನ ಮೇಲೂ ಬೆವರುತ್ತದೆ, ಗಾಳಿಯಾಡುವ ಸಣ್ಣ ತೂತು ಇರುವುದರಿಂದ ಒಳಗೂ ತೇವ ಸೇರಬಹುದು. ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ, ತಟ್ಟೆ 7200 ಆರ್‌ಪಿಎಂನದಾದರೆ ಸೆಕೆಂಡಿಗೆ 120 ಸುತ್ತು ಹೊಡೆಯುತ್ತದೆ. ಅಲ್ಲಿ ಒಂದು ಹನಿ ನೀರಿಗೆ, ಒಂದು ಕಣ ಧೂಳಿಗೆ ಜಾಗವಿಲ್ಲ. ಅದೇ ಕಾರಣಕ್ಕೆ ಮನೆಯಲ್ಲಾಗಲಿ ಅಂಗಡಿಯ ಟೇಬಲ್ಲಿನ ಮೇಲಾಗಲಿ ಡಿಸ್ಕಿನ ಮುಚ್ಚಳ ತೆಗೆಯಲು ಬಿಡಬೇಡಿ. ಅದಿರಿನ ಕೆಂಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುವ ಊರಿನಲ್ಲಿ ಕೂತು ಈ ಮಾತು ಹೇಳುತ್ತಿದ್ದೇನೆ.

ಹಾಗಾದರೆ ದಾರಿ ಯಾವುದು? ಒಂದೇ ನಿಯಮ: ಈ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು, ಓದುವುದನ್ನೂ ಆದಷ್ಟು ಕಡಿಮೆ ಸಲ ಮಾಡಬೇಕು. ಫೈಲನ್ನು ಹುಡುಕುವ ಮೊದಲು ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಬೇಕು. ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ ಇದ್ದದ್ದು ಇದ್ದಂತೆ ಇನ್ನೊಂದು ಆರೋಗ್ಯವಂತ ಡಿಸ್ಕಿಗೆ ಇಳಿಸಿ, ಹಳೆಯದನ್ನು ತೆಗೆದಿಟ್ಟು, ಹುಡುಕಾಟವನ್ನೆಲ್ಲ ಪ್ರತಿಯ ಮೇಲೆ ಮಾಡಬೇಕು. ಕೈ ತಪ್ಪಿದರೆ ಪ್ರತಿ ಹಾಳಾದೀತು, ಮೂಲ ಇದ್ದೇ ಇರುತ್ತದೆ.

ಈ ಕೆಲಸಕ್ಕೆ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವಿದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿದ ಲಿನಕ್ಸಿನಲ್ಲಿ ಓಡುತ್ತದೆ. ಅದರ ಜಾಣತನ ಇಷ್ಟು: ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲಾಗುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಕೆಟ್ಟ ಜಾಗ ಬಂದರೆ ಗುದ್ದಾಡದೆ ದಾಟಿ ಮುಂದೆ ಹೋಗುತ್ತದೆ. ದಾಟಿದ ಜಾಗಗಳಿಗೆ ಕೊನೆಗೆ ಹಿಂತಿರುಗಿ ಸ್ವಲ್ಪ ಸ್ವಲ್ಪವಾಗಿ ಕೆರೆಯುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದುಕೊಳ್ಳುತ್ತಾ ಹೋಗುವುದರಿಂದ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಆ ಮ್ಯಾಪ್ ಫೈಲನ್ನು ಪೆನ್‌ಡ್ರೈವಿನಲ್ಲೋ ಹೊಸ ಡಿಸ್ಕಿನಲ್ಲೋ ಉಳಿಯುವಂತೆ ಇಡಬೇಕು, ಅಷ್ಟೇ. ನಮ್ಮ ಊರುಗಳಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಅಪಾಯವೂ ಒಂದಿದೆ: ಯಾವುದರಿಂದ ಯಾವುದಕ್ಕೆ ಎಂಬುದನ್ನು ತಿರುವುಮುರುವಾಗಿ ಬರೆದರೆ ಖಾಲಿ ಡಿಸ್ಕು ತಂದೆಯವರ ಡಿಸ್ಕಿನ ಮೇಲೆ ಕೂತುಬಿಡುತ್ತದೆ. ಲಿನಕ್ಸ್ ಕೈಗೆ ಹತ್ತಿದವರನ್ನು ಜೊತೆಗೆ ಕೂಡಿಸಿಕೊಳ್ಳಿ, ಎರಡು ಡಿಸ್ಕುಗಳ ಸೀರಿಯಲ್ ನಂಬರನ್ನು ಕಾಗದದಲ್ಲಿ ಬರೆದುಕೊಂಡು ಹೋಲಿಸಿ, ಆಮೇಲೆ ಎಂಟರ್ ಒತ್ತಿ. ಗೆಳತಿಯ ಡಾಕಿನಲ್ಲಿ ಎರಡು ಡಿಸ್ಕಿಗೆ ಜಾಗವಿದ್ದು ‘ಕ್ಲೋನ್’ ಗುಂಡಿ ಇದ್ದರೆ ಅದನ್ನು ಮುಟ್ಟಲೇಬೇಡಿ. ಅದಕ್ಕೆ ಕೆಟ್ಟ ಸೆಕ್ಟರನ್ನು ದಾಟುವ ಇಂಥ ಜಾಣತನವಿಲ್ಲ, ಎಡ ಬಲ ತಪ್ಪಿದರೆ ಎಚ್ಚರಿಸುವುದೂ ಇಲ್ಲ.

ಡಾಕಿನ ಬದಲು ಯಾರದಾದರೂ ಡೆಸ್ಕ್‌ಟಾಪಿನಲ್ಲಿ ನೇರವಾಗಿ ಸಾಟಾ ಕೇಬಲ್ಲಿಗೆ ಜೋಡಿಸಿ ಈ ಪಡಿಯಚ್ಚು ತೆಗೆಯುವುದು ನನ್ನ ಆಯ್ಕೆ. ಆರೋಗ್ಯವಾದ ಡಿಸ್ಕಿಗೆ ಯುಎಸ್‌ಬಿ ಧಾರಾಳವಾಗಿ ಸಾಕು. ಸೆಕ್ಟರು ಕೆಟ್ಟಾಗ ಡಿಸ್ಕ್ ಉತ್ತರ ಕೊಡಲು ತಡ ಮಾಡುತ್ತದೆ, ಎಷ್ಟೋ ಡಾಕಿನ ಬೋರ್ಡುಗಳು ಅಷ್ಟು ಹೊತ್ತು ಕಾಯದೆ ಸಂಪರ್ಕ ಕಡಿದುಬಿಡುತ್ತವೆ, ಡಿಸ್ಕ್ ಕಾಣೆಯಾಗುತ್ತದೆ, ಮತ್ತೆ ಮೊದಲಿನಿಂದ ಆನ್ ಮಾಡಬೇಕಾಗುತ್ತದೆ. ದುರ್ಬಲ ಡಿಸ್ಕಿಗೆ ಪ್ರತಿ ಸಲ ಎದ್ದು ಓಡುವುದೂ ಒಂದು ಪೆಟ್ಟೇ. ಡೆಸ್ಕ್‌ಟಾಪ್ ಸಿಗದಿದ್ದರೆ ಡಾಕೇ ಸರಿ, ಅದನ್ನು ನೀಲಿ ಪೋರ್ಟಿಗೆ ಹಾಕಿ. ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ 30 ಎಂಬಿ ಹಿಡಿದರೂ 500 ಜಿಬಿಗೆ ನಾಲ್ಕೂವರೆ ತಾಸಿನ ಮೇಲಾಗುತ್ತದೆ. ಸೆಕೆಂಡಿಗೆ 100 ಎಂಬಿ ಸಿಕ್ಕರೆ ಒಂದೂವರೆ ತಾಸಿನೊಳಗೆ ಮುಗಿಯುತ್ತದೆ. ಇದು ಕೆಟ್ಟ ಜಾಗಗಳಿಲ್ಲದಾಗಿನ ಲೆಕ್ಕ. ಅವು ಇದ್ದರೆ ದಿನಗಟ್ಟಲೆ ಹಿಡಿಯಬಹುದು, ಗಾಬರಿಯಾಗಬೇಡಿ.

ಹೊಸ ಡಿಸ್ಕ್ 1 ಟಿಬಿಯದು ತನ್ನಿ. ಪಡಿಯಚ್ಚನ್ನು ಒಂದೇ ದೊಡ್ಡ ಫೈಲಾಗಿ ಇಡುವುದಾದರೆ ಆ ಡಿಸ್ಕ್ ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಯದಾಗಿರಬಾರದು, ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ನಿಮ್ಮ 500 ಜಿಬಿ ಡಿಸ್ಕು ವಿಂಡೋಸಿನಲ್ಲಿ 465 ಎಂದು ಕಂಡರೆ ಏನೋ ಕಳೆದುಹೋಯಿತು ಎಂದುಕೊಳ್ಳಬೇಡಿ, ಕಂಪನಿ ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವ ವ್ಯತ್ಯಾಸ ಅದು.

ಬಿಸಿಲಿನ ಮಾತನ್ನು ಬಳ್ಳಾರಿಯವರಿಗೆ, ರಾಯಚೂರಿನವರಿಗೆ, ಕೊಪ್ಪಳದವರಿಗೆ ಬೇರೆಯಾಗಿ ಹೇಳಲೇಬೇಕು. ಸಾಮಾನ್ಯವಾಗಿ ಡಿಸ್ಕಿಗೆ ಕಂಪನಿಗಳು ಹಾಕುವ ಮಿತಿ 60 ಡಿಗ್ರಿ. ಕೋಣೆಯೇ 40 ಡಿಗ್ರಿಯಿದ್ದಾಗ, ಗಾಳಿಯಿಲ್ಲದೆ ನಾಲ್ಕು ತಾಸು ಓಡಿದ ಡಿಸ್ಕು ಆ ಗೆರೆಯ ಹತ್ತಿರ ಹೋಗಲು ಹೊತ್ತು ಬೇಕಿಲ್ಲ. ಕೆಲಸವನ್ನು ರಾತ್ರಿ ಇಟ್ಟುಕೊಳ್ಳಿ, ಟೇಬಲ್ ಫ್ಯಾನ್ ನೇರ ಡಿಸ್ಕಿಗೇ ಬೀಸುವಂತಿಡಿ, ಹಾಸಿಗೆ ದಿಂಬಿನ ಮೇಲೆ ಇಡಬೇಡಿ. ನಿಲ್ಲಿಸಿಡುವ ಡಾಕ್ ಆದರೆ ಮಕ್ಕಳ ಕೈಗೆ, ವೈರಿಗೆ ಸಿಕ್ಕಿ ಉರುಳದಂತೆ ಗೋಡೆಯ ಮೂಲೆ ನೋಡಿ. ಸಾಧ್ಯವಾದರೆ ಡಾಕನ್ನೂ ಯುಪಿಎಸ್‌ಗೆ ಹಾಕಿ.

ಶುರು ಮಾಡಿದ ಮೇಲೆ ಕಿವಿ ತೆರೆದಿಡಿ. ಟಕ್, ಟಕ್ ಎಂದು ತಾಳ ಹಾಕಿದಂತೆ ಬಡಿಯುವ ಸದ್ದೋ, ಕೆರೆಯುವ ಸದ್ದೋ ಬಂದರೆ ಆ ಕ್ಷಣವೇ ಆರಿಸಿ, ಮತ್ತೆ ಹಚ್ಚಬೇಡಿ. ಅದು ಹೆಡ್ ಕೆಡುತ್ತಿರುವ ಗುರುತು. ಅಲ್ಲಿಂದ ಮುಂದೆ ಧೂಳಿಲ್ಲದ ಕೋಣೆ ಇರುವ ಲ್ಯಾಬೇ ಗತಿ, ಅದಕ್ಕೆ ಬೆಂಗಳೂರು ಅಥವಾ ಹೈದರಾಬಾದಿಗೆ ಕಳಿಸಬೇಕಾಗುತ್ತದೆ, ಖರ್ಚು ಹೊಸ ಡಿಸ್ಕಿನ ಬೆಲೆಗಿಂತ ಎಷ್ಟೋ ಪಟ್ಟು ಬರುತ್ತದೆ. ಪರೀಕ್ಷೆಗೆ ಎಷ್ಟು, ಡೇಟಾ ಬರದಿದ್ದರೆ ಎಷ್ಟು, ಸಿಕ್ಕ ಫೈಲುಗಳ ಪಟ್ಟಿಯನ್ನು ಹಣ ಕೊಡುವ ಮೊದಲು ತೋರಿಸುತ್ತಾರೋ ಎಂಬುದನ್ನು ಬರಹದಲ್ಲಿ ಕೇಳಿ. ‘ಅದೇ ಮಾಡೆಲಿನ ಬೇರೆ ಡಿಸ್ಕಿನ ಬೋರ್ಡ್ ಹಾಕಿದರೆ ಸಾಕು’ ಎನ್ನುವವರಿಗೆ ಡಿಸ್ಕ್ ಕೊಡಬೇಡಿ. ನಿಮ್ಮ ಕಾಲದ ಡಿಸ್ಕುಗಳ ಬೋರ್ಡಿನಲ್ಲಿ ಆ ಒಂದು ಡಿಸ್ಕಿಗೇ ಹೊಂದಿಸಿದ ಮಾಹಿತಿ ಇರುವ ಚಿಪ್ ಇರುತ್ತದೆ, ಅದನ್ನೂ ವರ್ಗಾಯಿಸದೆ ಬೋರ್ಡ್ ಬದಲಿಸಿ ಉಪಯೋಗವಿಲ್ಲ. ನಿಮ್ಮದರಲ್ಲಿ ಬೋರ್ಡು ಕೆಟ್ಟೂ ಇಲ್ಲ.

ಪಡಿಯಚ್ಚು ಸಿಕ್ಕ ಮೇಲೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಧನದಿಂದ ಎರಡನೇ ಭಾಗದ ಫೈಲುಗಳ ಪಟ್ಟಿ ಬರುತ್ತದೆಯೇ ನೋಡಿ. ಬಂದರೆ ಹೆಸರು ಸಮೇತ ನಕಲು ಮಾಡಿಕೊಳ್ಳಬಹುದು. ಅದರ ಜೊತೆಗೇ ಬರುವ ಫೋಟೊರೆಕ್ ಕೊನೆಯ ಅಸ್ತ್ರವಾಗಿರಲಿ. ಅದು ಪಟ್ಟಿಯನ್ನು ನೋಡದೆ ಫೈಲಿನ ಆರಂಭದ ಗುರುತು ಹಿಡಿದು ಎತ್ತುತ್ತದೆ, ಹೆಸರುಗಳಿರುವುದಿಲ್ಲ, ಚದುರಿ ಕೂತ ದೊಡ್ಡ ಫೈಲುಗಳು ತುಂಡಾಗಿ ಬರುತ್ತವೆ.

ಇಲ್ಲೊಂದು ಸಮಾಧಾನದ ಸಂಗತಿ ಇದೆ. ಟೇಪ್ ಹಾಕುವ ಸಣ್ಣ ಕ್ಯಾಮೆರಾ ಎಂದಿರಿ. ಆ ಕಾಲದಲ್ಲಿ ಅದು ಹೆಚ್ಚಾಗಿ ಮಿನಿ ಡಿವಿ ಎಂಬ ಸಣ್ಣ ಡಿಜಿಟಲ್ ಟೇಪಿನದು ಇರುತ್ತಿತ್ತು. ಅದರಿಂದ ನೇರವಾಗಿ ಇಳಿಸಿದ ವಿಡಿಯೊ ತಾಸಿಗೆ ಸುಮಾರು 13 ಜಿಬಿ ತಿನ್ನುತ್ತದೆ. ಮೊದಲ ಪಟ್ಟಿ ಸಿಕ್ಕಾಗ ಅಷ್ಟು ದೊಡ್ಡ ಎವಿಐ ಫೈಲುಗಳು ಕಂಡರೆ ಅವೇ ಎಂದು ತಿಳಿಯಿರಿ. ಈಗಿನ ಮೊಬೈಲ್ ವಿಡಿಯೊದಲ್ಲಿ ಒಂದು ಚಿತ್ರ ಹಿಂದಿನ ಚಿತ್ರವನ್ನು ನೆಚ್ಚಿಕೊಂಡಿರುತ್ತದೆ, ಒಂದು ಕಡೆ ಕೆಟ್ಟರೆ ಮುಂದಿನ ಒಂದಷ್ಟು ಹೊತ್ತು ಕಲಸಿಹೋಗುತ್ತದೆ. ಡಿವಿಯಲ್ಲಿ ಪ್ರತಿ ಚಿತ್ರವೂ ತನ್ನಷ್ಟಕ್ಕೆ ಪೂರ್ಣ. ವಿಡಿಯೊದ ನಡುವೆ ಒಂದು ಸೆಕ್ಟರು ಹೋದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಚಿತ್ರ ಚೌಕ ಚೌಕವಾದೀತು, ಆಟ ಮುಂದುವರಿಯುತ್ತದೆ. ನಾನೂ ಬಯಲಾಟದ ಮುಂದೆ ಗೋಣಿಚೀಲ ಹಾಸಿಕೊಂಡು ಕೂತು ಬೆಳೆದವನು. ರಾತ್ರಿಯಿಡೀ ಕ್ಯಾಮೆರಾ ಹಿಡಿದು ನಿಂತ ಮಾಸ್ತರರ ಶ್ರಮ ಒಂದು ಗುಂಡಿ ಒತ್ತಿದ್ದರಿಂದ ಅಳಿದುಹೋಗಬಾರದು ಎಂಬ ಕಳವಳದಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೊನೆಯ ಪ್ರಶ್ನೆ: ಇದನ್ನೇ ಎಕ್ಸ್‌ಟರ್ನಲ್ ಆಗಿ ಬಳಸಬಹುದೇ? ಈ ಡಿಸ್ಕನ್ನು ಬೇಡ. ಒಮ್ಮೆ ಸೆಕ್ಟರು ಕೆಡಲು ಶುರುವಾದರೆ ಅದು ಎಲ್ಲಿಗೆ ನಿಲ್ಲುತ್ತದೆ ಎಂದು ಹೇಳಲಾಗದು. ಪ್ರತಿ ತೆಗೆದ ಮೇಲೂ ಎಸೆಯದೆ, ಹೆಸರು ಬರೆದ ಚೀಟಿ ಅಂಟಿಸಿ, ಒಣ ಜಾಗದಲ್ಲಿಡಿ. ಬೇರೆ ಯಾವುದಾದರೂ ಒಳ್ಳೆಯ ಹಳೆಯ ಡಿಸ್ಕ್ ಇದ್ದರೆ, ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಸಾಧನದಲ್ಲಿ ಅದರ ಆರೋಗ್ಯ ನೋಡಿ, ರೀಅಲೊಕೇಟೆಡ್ (ಕೆಟ್ಟು ಬದಲಿ ಜಾಗ ಕೊಟ್ಟ) ಮತ್ತು ಪೆಂಡಿಂಗ್ (ಓದಲಾಗದೆ ಅನುಮಾನದಲ್ಲಿರುವ) ಸೆಕ್ಟರುಗಳ ಲೆಕ್ಕ ಸೊನ್ನೆ ಇದ್ದರೆ, ಕೇಸಿಗೆ ಹಾಕಿ ಎರಡನೇ ಪ್ರತಿ ಇಡಲು ಧಾರಾಳವಾಗಿ ಬಳಸಿ. ಬಯಲಾಟದ ವಿಡಿಯೊಗಳು ಮಾತ್ರ ಎರಡು ಬೇರೆ ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿರಲಿ.

ಮತ್ತೆ, ಮನೆಯ ಟ್ರಂಕುಗಳನ್ನು ಒಮ್ಮೆ ಹುಡುಕಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಆ ಟೇಪುಗಳನ್ನು ತಂದೆಯವರು ಎಸೆದಿರಲಾರರು. ಸಿಕ್ಕರೆ ಅದೇ ಮೂಲ, ಡಿಸ್ಕಿನಲ್ಲಿರುವುದು ಅದರ ನಕಲು. ವರ್ಷಗಟ್ಟಲೆ ಕೂತ ಟೇಪನ್ನು ಹಳೆಯ ಕ್ಯಾಮೆರಾಕ್ಕೆ ತುರುಕಿ ಪ್ಲೇ ಒತ್ತಬೇಡಿ, ಸಿಕ್ಕಿಕೊಂಡು ಹರಿಯಬಹುದು. ಟೇಪುಗಳ ಬೆನ್ನ ಮೇಲೆ ಅವರು ಬರೆದ ಊರು, ದಿನಾಂಕಗಳ ಒಂದು ಫೋಟೊ ತೆಗೆದು ಕಳಿಸಿ. ಯಾವುದನ್ನು ಡಿಸ್ಕಿನಿಂದ ಎತ್ತಬೇಕು, ಯಾವುದನ್ನು ಟೇಪಿನಿಂದಲೇ ಇಳಿಸಬಹುದು ಎಂದು ಅದನ್ನು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಡಿಸ್ಕ್ ಕಪಾಟಿನಲ್ಲೇ ಇರಲಿ.